ಚಿಮ್ಮಂಡೆಯ ಸಾಕಣೆಯೂ ಮೇವಿನ ಪ್ರಶ್ನೆಯೂ

ಹಿಂದೆ ಸಯಾಮ್ ಎನಿಸಿಕೊಂಡಿದ್ದ ಥಾಯ್ಲೆಂಡ್ ದೇಶದಲ್ಲಿ ರೈತರು ಕೋಳಿಗಳಂತೆ ಚಿಮ್ಮಂಡೆಗಳನ್ನೂ ಸಾಕಿ, ತಿನ್ನುವುದಕ್ಕಾಗಿ ಮಾರುತ್ತಿರುವರೆಂಬುದು ನಮ್ಮ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವನ್ನೂ ಹಲವರಿಗೆ ಜುಗುಪ್ಸೆಯನ್ನೂ ಉಂಟುಮಾಡಬಹುದು. ರಾತ್ರಿಯ ಹೊತ್ತು ಗೋಡೆಯ ಸಂದಿನಲ್ಲಿ ಕಿರಿಗುಟ್ಟುವ ಹುಳುವೇ ಇದು. ನಮ್ಮ ಮಲೆನಾಡಿನಲ್ಲಿಯೇ ಚಗಳಿ ಇರುವೆಯ ಚಟ್ನಿಯನ್ನು ರುಚಿಯಿಂದ ಉಣ್ಣುವ ಮನೆಗಳಿರುವುದರಿಂದ ಜುಗುಪ್ಸೆಯ ಮಾತನ್ನು ಇಲ್ಲಿಗೇ ಬಿಡುವೆವು. ಹುಳುವನ್ನು ತಿನ್ನುವುದೂ ಬಿಡುವುದೂ ಅವರವರ ಆಚಾರಕ್ಕೆ ಸೇರಿದ್ದು. ಆ ಹುಳು ಏನನ್ನು ತಿಂದು ಬೆಳೆಯುತ್ತದೆಂಬುದೇ ನಮ್ಮ ಪ್ರಶ್ನೆ.

ಖೊನ್ ಕೇನ್ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು 1998ರ ಸುಮಾರಿಗೆ ಈ ಕಸುಬನ್ನು ಅಲ್ಲಿಯ ರೈತರಿಗೆ ಕಲಿಸಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರಲ್ಲಿ ಹೊರಡಿಸಿದ ವರದಿಯಂತೆ ಸುಮಾರು 20,000 ಸಾಕಣೆಗಳಿಂದ ವರ್ಷಕ್ಕೆ 7,500 ಟನ್ನುಗಳಷ್ಟು ಹುಳು ಬರುತ್ತಿದ್ದಿತು. ಏರ್ಪಾಡೇನೋ ಸುಲಭವಾದುದೇ. ಒಂದು ಸಿಮೆಂಟಿನ ತೊಟ್ಟಿ, ಅದರ ಮೇಲೊಂದು ಸೊಳ್ಳೆಪರದೆ, ಹುಳುಗಳು ಅಡಗಿಕೊಳ್ಳಲು ಕೋಳಿಮೊಟ್ಟೆಯ ರಟ್ಟಿನ ತಟ್ಟೆಗಳು. ಮೊಟ್ಟೆಯಿಡುವುದಕ್ಕೆ ಹೊಟ್ಟು ತುಂಬಿದ ಬೋಗುಣಿಗಳನ್ನಿಡುವರು. ನೀರಿನ ತಟ್ಟೆಯಲ್ಲಿ ಮರಿಗಳು ಮುಳುಗಿ ಸಾಯದಂತೆ ಕಲ್ಲುಗಳನ್ನು ಹಾಕುವರು. ಮರಿಯೊಡೆದ ಮೇಲೆ ಸುಮಾರು ಒಂದೂವರೆ ತಿಂಗಳಿಗೆ ಫಸಲು ಕೈಗೆ ಬರುತ್ತದೆ.

ಆದರೆ ತೊಟ್ಟಿಗೆ ಸುರಿಯುವುದೇನು? ಅಂಗಡಿಯಿಂದ ತಂದ ಕೋಳಿಮೇವು! ಕೊನೆಯ ದಿನಗಳಲ್ಲಿ ಕುಂಬಳಕಾಯಿಯನ್ನೋ ಸೊಪ್ಪನ್ನೋ ಕೊಡುವುದುಂಟು. ಆದರೂ ಖರ್ಚಿನಲ್ಲಿ ಸಿಂಹಪಾಲು ಮೇವಿನದೇ. ಕೋಳಿಮೇವಿಗೆ ಸತ್ತ್ವ ಕೊಡುವ ಸೋಯಾ ಕಾಳಿನ ಬಹುಭಾಗವು ಆ ದೇಶಕ್ಕೆ ಹಡಗಿನಲ್ಲಿ ಬರತಕ್ಕದ್ದು. ಹುಳು ಸ್ವದೇಶಿಯಾದರೂ ಅದರ ಮೈಯಲ್ಲಿರುವ ಸಸಾರಜನಕವು ಪರದೇಶದ್ದೆನ್ನಬೇಕಾಗಿದೆ.

ಕಸವನ್ನು ತಿಂದು ಕೆನೆಯಂಥ ಆಹಾರವಾಗುವುದೆಂದು ಈ ಹುಳುವನ್ನು ಹೊಗಳುವವರು ಕ್ಯಾಲಿಫೋರ್ನಿಯದ ಇಬ್ಬರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು ಗಮನಿಸಬೇಕು. ಧಾನ್ಯದ ಕೋಳಿಮೇವನ್ನು ತಿಂದ ಚಿಮ್ಮಂಡೆಗಳು ಮೇವಿನ ಸಸಾರಜನಕದಲ್ಲಿ ನೂರಕ್ಕೆ 35 ಪಾಲನ್ನು ಮೈಗೂಡಿಸಿಕೊಂಡವು. ಇದು ಕೋಳಿಗಿಂತ ಸ್ವಲ್ಪವೇ ಮೇಲು. ಸಂಸ್ಕರಿಸದ ಊರಿನ ಎಂಜಲನ್ನೂ ಒಣಹುಲ್ಲನ್ನೂ ತಿಂದವು ಬೆಳೆಯುವ ಮೊದಲೇ ಹೆಚ್ಚುಕಡಮೆ ಎಲ್ಲವೂ ಸತ್ತವು. 2022ರಲ್ಲಿ ಯುರೋಪಿನ ಒಕ್ಕೂಟವು ಮನೆಚಿಮ್ಮಂಡೆಯನ್ನು ಆಹಾರವಾಗಿ ಮಾರಲು ಅಪ್ಪಣೆಯಿತ್ತಿತಾದರೂ ಅಪ್ಪಣೆಯಿಂದ ಮೇವು ಅಗ್ಗವಾಗದಷ್ಟೆ.

ನೆರೆಯ ಕಾಂಬೋಡಿಯದಲ್ಲಿ ಬೇರೊಂದು ದಾರಿಯನ್ನು ಹಿಡಿದು ನೋಡಿದ್ದಾರೆ. ಆ ದೇಶದ ಹೊಲಗಳದೇ ಆದ ಒಂದು ಜಾತಿಯ ಚಿಮ್ಮಂಡೆಗೆ ಕಳೆಗಳನ್ನೂ ಬೆಳೆಯ ಉಳಿಕೆಗಳನ್ನೂ ತಿನ್ನಿಸಿದ ಪರೀಕ್ಷೆಯು 2016ರಲ್ಲಿ ಪ್ರಕಟವಾಯಿತು. ಹಲವು ಮೇವುಗಳು ಸೋತವು. ಮರಗೆಣಸಿನ ತುದಿಯೆಲೆಗಳನ್ನೂ, ನಾಯಿಸಾಸಿವೆಯ ಜಾತಿಗೆ ಸೇರಿದ ಒಂದು ಕಳೆಯನ್ನೂ ತಿಂದ ಹುಳುಗಳು ಮಾತ್ರ ಕೋಳಿಮೇವು ತಿಂದವುಗಳಿಗೆ ಸಮನಾಗಿಯೇ ಬೆಳೆದವು.