ಚಿನ್ನವೂ ಬೇಕು, ಎಚ್ಚರವೂ ಬೇಕು



ಮೂರು ರಾಯರ ಹಬ್ಬದಂದು ನಾವು ಸಂತ ಮತ್ತಾಯರ ಶುಭಸಂದೇಶದ 2ನೇ ಅಧ್ಯಾಯವನ್ನು ಆಲಿಸುತ್ತೇವೆ. ಮೂಡಣದ ಜ್ಞಾನಿಗಳು ಬಾಲಯೇಸುವಿಗೆ ಚಿನ್ನ, ಧೂಪ, ರಕ್ತಬೋಳಗಳನ್ನು ಅರ್ಪಿಸಿದ್ದು ನಮಗೆಲ್ಲ ನೆನಪಿದೆ. ಆದರೆ ಅವರು ಮಾಡಿದ ಇನ್ನೊಂದು ಕಾರ್ಯವನ್ನು ನಾವು ಅಷ್ಟಾಗಿ ಧ್ಯಾನಿಸುವುದಿಲ್ಲ. ಹೆರೋದನು ಸವಿಮಾತಿನಿಂದ ಅವರನ್ನು ಕಳುಹಿಸಿದ್ದ. ಅವರು ಕನಸಿನಲ್ಲಿ ದೊರೆತ ಎಚ್ಚರಿಕೆಗೆ ಕಿವಿಗೊಟ್ಟು ಬೇರೆ ದಾರಿಯಿಂದ ಊರಿಗೆ ಮರಳಿದರು. ಪರದೇಶದ ಮಗುವಿಗೆ ಕೈತುಂಬ ಕೊಟ್ಟವರೂ ಅವರೇ, ಎಚ್ಚರಿಕೆಯಿಂದ ನಡೆದವರೂ ಅವರೇ. ಈ ಎರಡೂ ಗುಣಗಳು ಇಂದು ನಮ್ಮ ಮನೆಗಳಿಗೆ ಬೇಕಾಗಿವೆ. ಏಕೆಂದರೆ ಈಗ ದೂರದೇಶದವರು ನಮ್ಮ ಮಕ್ಕಳ ಮೊಬೈಲಿನ ಮೂಲಕವೇ ಮನೆಯೊಳಕ್ಕೆ ಬರುತ್ತಿದ್ದಾರೆ.

ಒಂದು ಕುಟುಂಬದ ಸಂಗತಿಯನ್ನು ನೋಡೋಣ. ಕಾಲೇಜಿಗೆ ಹೋಗುವ ಮಗಳಿಗೆ ಫೇಸ್‌ಬುಕ್‌ನಲ್ಲಿ ದಕ್ಷಿಣ ಸುಡಾನಿನ ಯುವಕನೊಬ್ಬನ ಪರಿಚಯವಾಯಿತು. ಅವನಿರುವುದು ಕೀನ್ಯಾ ದೇಶದ ವಾಯವ್ಯದಲ್ಲಿರುವ ಕಾಕುಮಾ ನಿರಾಶ್ರಿತರ ಶಿಬಿರದಲ್ಲಿ. 1992ರಲ್ಲಿ ಸುಡಾನಿನ ಯುದ್ಧದಿಂದ ತಪ್ಪಿಸಿಕೊಂಡು ಬಂದ ಬಾಲಕರಿಗಾಗಿ ತೆರೆದ ಆ ಶಿಬಿರ ಇಂದಿಗೂ ಮುಚ್ಚಿಲ್ಲ. ಅಲ್ಲಿಯೇ ಹುಟ್ಟಿ ಬೆಳೆದವರೂ ಇದ್ದಾರೆ. 2025ರಲ್ಲಿ ಹಣದ ಕೊರತೆಯಿಂದ ವಿಶ್ವ ಆಹಾರ ಕಾರ್ಯಕ್ರಮವು ಅಲ್ಲಿನ ಪಡಿತರವನ್ನು ಬಹಳವಾಗಿ ಕಡಿತಗೊಳಿಸಿತು. ಕೆಲವು ತಿಂಗಳ ಸ್ನೇಹದ ಬಳಿಕ ಆ ಯುವಕ 300 ಡಾಲರ್ ಕೇಳಿದ. "ಎಲ್ಲಾ ಮೋಸ, ಮಾತು ಬಿಟ್ಟುಬಿಡು" ಎಂದರು ಅಪ್ಪ. "ಪಾಪ, ನಮ್ಮ ಮಗನ ವಯಸ್ಸಿನವನು" ಎಂದರು ಅಮ್ಮ. ಇಬ್ಬರೂ ನಮ್ಮ ಬಳಿಗೆ ಬಂದರು.

ನಾವು ಮಗಳಿಗೆ ಹೇಳಿದ್ದು ಒಂದೇ ಮಾತು: "ಹಣ ಏತಕ್ಕೆಂದು ನಿಧಾನವಾಗಿ ಕೇಳಮ್ಮ." ಉತ್ತರ ಬಂತು. ಕೆನಡಾಕ್ಕೆ ಹೋಗುವವರ ಪಟ್ಟಿಯಲ್ಲಿ ಹೆಸರು ಸೇರಿಸುತ್ತೇನೆಂದು ಒಬ್ಬ ದಲ್ಲಾಳಿ ಅವನನ್ನು ನಂಬಿಸಿದ್ದ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಬೇರೆ ದೇಶಕ್ಕೆ ಕಳುಹಿಸುವ ಕೆಲಸಕ್ಕಾಗಲಿ, ಬೇರೆ ಯಾವ ಸೇವೆಗಾಗಲಿ ಹಣ ಪಡೆಯುವುದಿಲ್ಲ. ಅಂದರೆ ಯುವಕ ಮೋಸಗಾರನಾಗಿರಲಿಲ್ಲ, ಮೋಸ ಹೋಗುವುದರಲ್ಲಿದ್ದ. ಅಪ್ಪನ ಮಾತು ಕೇಳಿದ್ದರೆ ಅವನು ಒಂಟಿಯಾಗುತ್ತಿದ್ದ. ಅಮ್ಮನ ಮಾತು ಕೇಳಿದ್ದರೆ ಹಣ ದಲ್ಲಾಳಿಯ ಕೈಸೇರುತ್ತಿತ್ತು. ಮಗಳು ಸತ್ಯ ಹೇಳಿದಾಗ ಅವನು ಸಿಟ್ಟಾದ, ಮೂರು ವಾರ ಮಾತಾಡಲಿಲ್ಲ. ಬಳಿಕ ಸಂಸ್ಥೆಯ ಕಚೇರಿಗೆ ತಾನೇ ಹೋಗಿ ವಿಚಾರಿಸಿ, ಕೃತಜ್ಞತೆಯಿಂದ ಬರೆದ.

ಇದರಿಂದ ನಾವು ಕಲಿಯುವುದೇನು? ಮೊದಲನೆಯದು, ವಿಚಾರಿಸುವುದು ಪ್ರೀತಿಗೆ ವಿರುದ್ಧವಲ್ಲ. ನಮ್ಮ ಧರ್ಮಕೇಂದ್ರಗಳ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ನೆರವಿನ ಮುಂಚೆ ಮನೆಗೆ ಹೋಗಿ ನೋಡಿ ಬರುತ್ತಾರಲ್ಲವೇ? ದೂರದೇಶಕ್ಕೆ ನಾವು ಹೋಗಲಾರೆವು, ಆದರೆ ಧರ್ಮಸಭೆ ಅಲ್ಲಿಯೂ ಇದೆ. ಕಾಕುಮಾ ಲೋದ್ವಾರ್ ಧರ್ಮಕ್ಷೇತ್ರಕ್ಕೆ ಸೇರಿದ್ದು. ಡಾನ್ ಬಾಸ್ಕೊ ಸಭೆಯವರು ಶಿಬಿರದಲ್ಲಿ ಯುವಜನರಿಗೆ ಕಸಬು ಕಲಿಸುತ್ತಾರೆ. ಫಾದರ್ ಪೆದ್ರೊ ಅರೂಪೆಯವರು 1980ರಲ್ಲಿ ಸ್ಥಾಪಿಸಿದ ಜೆಸ್ವಿಟ್ ನಿರಾಶ್ರಿತರ ಸೇವೆಯೂ ಅಲ್ಲಿದೆ. ನಿಮ್ಮ ಗುರುಗಳ ಮೂಲಕ ಒಂದು ಪತ್ರ ಬರೆದು ವಿಚಾರಿಸಬಹುದು.

ಎರಡನೆಯದು, ಹಣ ಕೊಡುವುದಾದರೆ ಶಾಲೆಗೋ ಸಂಸ್ಥೆಗೋ ನೇರವಾಗಿ, ನಮ್ಮ ಬ್ಯಾಂಕಿನ ಮೂಲಕವೇ ಕೊಡೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ಯಾನ್ ಸಂಖ್ಯೆ ನೀಡಿ ವಿದೇಶಕ್ಕೆ ಕೊಡುಗೆ ಕಳುಹಿಸಬಹುದು. "ಇಲ್ಲಿಯೇ ಇರುವ ನನ್ನ ಗೆಳೆಯನ ಖಾತೆಗೆ ಹಾಕಿ", "ಉಡುಗೊರೆ ಕಸ್ಟಮ್ಸ್‌ನಲ್ಲಿದೆ, ಶುಲ್ಕ ಕಟ್ಟಿ", "ನಿಮ್ಮ ಖಾತೆ ಸ್ವಲ್ಪ ದಿನ ಕೊಡಿ", "ಮನೆಯವರಿಗೆ ಹೇಳಬೇಡಿ" ಎಂಬ ಮಾತು ಬಂದರೆ ಅದು ಹೆರೋದನ ಸವಿಮಾತೆಂದು ತಿಳಿಯೋಣ. ಹಣ ಕಳೆದುಕೊಂಡಿದ್ದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಫೋನ್ ಮಾಡಿ ದೂರು ಕೊಡಬೇಕು.

ಮೂರನೆಯದು, ಮಕ್ಕಳ ಇಂಥ ಸ್ನೇಹ ಮನೆಯವರ ಮುಂದೆಯೇ ಬೆಳೆಯಲಿ. ಆ ಮಗಳು ಮುಚ್ಚಿಡದೆ ತಂದೆತಾಯಿಗೆ ತಿಳಿಸಿದ್ದರಿಂದಲೇ ಅವಳೂ ಉಳಿದಳು, ಅವನೂ ಉಳಿದನು. ಮಕ್ಕಳು ಹೇಳಿದೊಡನೆ ಗದರಿಸಿದರೆ ಮುಂದಿನ ಸಲ ಅವರು ಹೇಳುವುದೇ ಇಲ್ಲ.

ಜ್ಞಾನಿಗಳು ಹೊರಟುಹೋದ ರಾತ್ರಿಯೇ ಎಂಬಂತೆ ಪವಿತ್ರ ಕುಟುಂಬ ಈಜಿಪ್ಟಿಗೆ ಓಡಬೇಕಾಯಿತು. ನಮ್ಮ ಪ್ರಭು ಆಫ್ರಿಕಾದ ನೆಲದಲ್ಲಿ ನಿರಾಶ್ರಿತರಾಗಿ ಬಾಳಿದವರು. ಆದ್ದರಿಂದ ಆ ದಿಕ್ಕಿನಿಂದ ಬರುವ ಕರೆಗೆ ಬಾಗಿಲು ಮುಚ್ಚುವಂತಿಲ್ಲ, ಕಣ್ಣು ಮುಚ್ಚಿ ತೆರೆಯುವಂತೆಯೂ ಇಲ್ಲ. ಕೊಡಲು ಹಣವಿಲ್ಲದಿದ್ದರೂ ಕೇಳಿಸಿಕೊಳ್ಳುವ ತಾಳ್ಮೆ, ಸರಿಯಾದ ಮಾಹಿತಿ, ಮನೆಯ ಜಪಸರದಲ್ಲಿ ಆ ಮಗುವಿನ ಹೆಸರು, ಈ ಮೂರು ಕಾಣಿಕೆಗಳನ್ನು ಯಾವ ಬಡ ಕುಟುಂಬವೂ ಅರ್ಪಿಸಬಹುದು. ಬಾಲಯೇಸು ನಮಗೆ ಉದಾರವಾದ ಕೈಯನ್ನೂ ವಿವೇಕದ ಮನಸ್ಸನ್ನೂ ದಯಪಾಲಿಸಲಿ.