ಮೊದಲ 72 ಗಂಟೆ

ಮೂರು ರಾತ್ರಿಯಿಂದ ಮಗ ಕಣ್ಣು ಮುಚ್ಚಿಲ್ಲ. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನುತ್ತಾನೆ. ಅನ್ನಕ್ಕೆ ವಿಷ ಬೆರೆಸಿದ್ದೀಯ ಎಂದು ಹೆತ್ತವಳ ಮೇಲೇ ಕೈಯೆತ್ತುತ್ತಾನೆ. ಇಂಥ ಹೊತ್ತಲ್ಲಿ ಎಷ್ಟೋ ಮನೆಯವರು ಮೊದಲು ಓಡುವುದು ತಾಯಿತ ಕಟ್ಟಿಸಲು. ಮಾನಸಿಕ ಕಾಯಿಲೆಯ ದೊಡ್ಡ ಆಸ್ಪತ್ರೆಗಳಲ್ಲಿ ನಿಮ್ಹಾನ್ಸ್ ಇರುವುದು ಬೆಂಗಳೂರಲ್ಲಿ, ಡಿಮ್ಹಾನ್ಸ್ ಧಾರವಾಡದಲ್ಲಿ, ಈ ರಾತ್ರಿ ಅಲ್ಲಿಗೆ ಹೋಗುವುದು ಹೇಗೆ ಎಂಬ ಚಿಂತೆ ಬೇರೆ.

ಚಿಕಿತ್ಸೆ ಶುರುವಾಗಲು ಅಷ್ಟು ದೂರ ಹೋಗಬೇಕಿಲ್ಲ. ರೋಗಿಯ ಜೀವಕ್ಕೆ ಅಪಾಯವಿದ್ದರೆ, ತನಗೋ ಇತರರಿಗೋ ಗಂಭೀರ ಹಾನಿ ಮಾಡುವಂತಿದ್ದರೆ, ನೋಂದಾಯಿತ ವೈದ್ಯರು ಯಾರೇ ಆಗಲಿ ತುರ್ತು ಚಿಕಿತ್ಸೆ ಕೊಡಬಹುದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೇ ಸೆಕ್ಷನ್. ಮನೋವೈದ್ಯರೇ ಆಗಬೇಕೆಂದಿಲ್ಲ. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ಡಾಕ್ಟರೂ ಸಾಕು. ರೋಗಿಯ ಪರವಾಗಿ ನಿಲ್ಲುವ ಪ್ರತಿನಿಧಿ ಜೊತೆಗಿದ್ದರೆ ಅವರ ಒಪ್ಪಿಗೆ ಪಡೆಯುತ್ತಾರೆ. ಈ ಅಧಿಕಾರ ಹೆಚ್ಚೆಂದರೆ 72 ಗಂಟೆ. ಅಷ್ಟರೊಳಗೆ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆಯಾಗಬೇಕು. ಅಲ್ಲಿಗೆ ಸಾಗಿಸುವುದೂ ತುರ್ತು ಚಿಕಿತ್ಸೆಯ ಭಾಗವೇ. ವಿದ್ಯುತ್ ಚಿಕಿತ್ಸೆಯನ್ನು ಮಾತ್ರ ತುರ್ತಿನ ಹೆಸರಲ್ಲಿ ಕೊಡುವಂತಿಲ್ಲ.

ವೈದ್ಯರು ಮೊದಲು ನೋಡುವುದು ದೇಹವನ್ನು. ರಕ್ತದ ಸಕ್ಕರೆ ಕುಸಿದಿದೆಯೇ, ಜ್ವರ ಮಿದುಳಿಗೇರಿದೆಯೇ, ತಲೆಗೆ ಪೆಟ್ಟಾಗಿದೆಯೇ? ದಿನಾ ಕುಡಿಯುತ್ತಿದ್ದವರು ಏಕಾಏಕಿ ಬಿಟ್ಟ ಎರಡು ಮೂರು ದಿನಕ್ಕೆ ಕೈ ನಡುಗಿ, ಇಲ್ಲದ್ದು ಕಂಡು ಬೆದರುತ್ತಾರೆ. ಅದೂ ಹುಚ್ಚಿನಂತೆಯೇ ಕಾಣುತ್ತದೆ, ಜೀವವನ್ನೇ ತೆಗೆಯಬಲ್ಲದು. ಆದ್ದರಿಂದ ಹೊರಡುವಾಗ ಹಳೆಯ ಚೀಟಿ, ಮಾತ್ರೆಗಳನ್ನು ತೆಗೆದುಕೊಳ್ಳಿ. ಕುಡಿತದ ವಿಷಯ ಮುಚ್ಚಿಡಬೇಡಿ. ದೇಹದಲ್ಲಿ ಕಾರಣ ಸಿಗದಿದ್ದರೆ ಶಾಂತಗೊಳಿಸುವ ಇಂಜೆಕ್ಷನ್, ನಿದ್ದೆ, ನಿಗಾ. ಆಮೇಲೂ ರೋಗಿ ತಾನಾಗಿ ದಾಖಲಾಗಲು ಒಪ್ಪದೆ, ಅಪಾಯ ಉಳಿದಿದ್ದರೆ, ಮನೋವೈದ್ಯರೂ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರೋ ವೈದ್ಯರೋ ಬೇರೆಬೇರೆಯಾಗಿ ಪರೀಕ್ಷಿಸಿ, ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನದವರೆಗೆ ಇರಿಸಿಕೊಳ್ಳಬಹುದು.

ಮಾನಸಿಕ ಕಾಯಿಲೆಯಿಂದ ಬೀದಿಯಲ್ಲಿ ಅಲೆಯುವವರನ್ನು ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿಗೆ ಹಾಕುವಂತಿಲ್ಲ. ಸರಪಳಿ ಬಿಗಿಯುವುದನ್ನೂ ಕಾನೂನು ನಿಷೇಧಿಸಿದೆ. ಹಗ್ಗದಲ್ಲಿ ಕಟ್ಟಿ ಟೆಂಪೋದಲ್ಲಿ ತುಂಬಿಕೊಂಡು ಬಂದ ಮೇಲೆ ಆ ಜೀವ ಡಾಕ್ಟರನ್ನು ನಂಬುವುದು ಹೇಗೆ?

ಆಂಬುಲೆನ್ಸಿಗೆ 108. ಏನು ಮಾಡಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416: ಉಚಿತ, ಹಗಲಿರುಳೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಈ ಎರಡು ನಂಬರನ್ನು ಇವತ್ತೇ ಫೋನಿನಲ್ಲಿ ಉಳಿಸಿಕೊಳ್ಳಿ.