ಕಾಗದದ ಮೇಲಿನ ಶಿಲ್ಪ

ಹದಿನೇಳನೆಯ ಶತಮಾನದ ಪ್ಯಾರಿಸ್ ಲಂಡನ್ನುಗಳ ರಸಿಕರಲ್ಲಿ ಹೆಚ್ಚಿನವರು ರೋಮಿನ ಪ್ರಾಚೀನ ಶಿಲ್ಪವನ್ನು ಮೊದಲು ಕಂಡದ್ದು ಅಮೃತಶಿಲೆಯಲ್ಲಲ್ಲ, ಕಾಗದದಲ್ಲಿ. ಫ್ರಾನ್ಸ್ವಾ ಪೆರಿಯೇ ಎಂಬ ಫ್ರೆಂಚ್ ಚಿತ್ರಕಾರನು 1638ರಲ್ಲಿ ಅಲ್ಲಿನ ಮೂರ್ತಿಗಳ ನೂರು ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಮೂಡಿಸಿ ಅಚ್ಚು ಹಾಕಿಸಿದನು. ಪುಸ್ತಕಕ್ಕೆ ಸೇರಿದ ಮೂರ್ತಿಗಳ ಹೆಸರು ದೇಶದೇಶಗಳಲ್ಲಿ ಹಬ್ಬಿತು. ಸೇರದವು ರೋಮಿನಲ್ಲಿಯೇ ಉಳಿದುವು.

ಇಂಥ ಅಚ್ಚಿನಲ್ಲಿ ಒಂದು ವಿಚಿತ್ರವುಂಟು. ಕಂಡುದನ್ನು ಕಂಡಂತೆಯೇ ತಗಡಿನಲ್ಲಿ ಕೊರೆದರೆ ಕಾಗದದ ಮೇಲೆ ಎಡವು ಬಲವಾಗಿ ಬೀಳುತ್ತದೆ. ಬಲಗೈ ಎತ್ತಿದ ದೇವತೆ ಎಡಗೈ ಎತ್ತಿ ನಿಲ್ಲುತ್ತಾನೆ! ನಮ್ಮ ಆಲಂಕಾರಿಕರ ಬಿಂಬ-ಪ್ರತಿಬಿಂಬಗಳ ಮಾತು ಇಲ್ಲಿ ಅಕ್ಷರಶಃ ನಿಜ. ಗೇಣುದ್ದದ ಮೂರ್ತಿಯೂ ಎರಡಾಳೆತ್ತರದ ಮೂರ್ತಿಯೂ ಪುಟದಲ್ಲಿ ಸಮಾನವಾಗುತ್ತವೆ.

ನಮ್ಮ ನಾಡಿನ ಶಿಲ್ಪಕ್ಕೂ ಹೊರನಾಡಿನ ಕೀರ್ತಿ ಬಂದುದು ಬಹುಮಟ್ಟಿಗೆ ಈ ದಾರಿಯಿಂದಲೇ. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಛಾಯಾಚಿತ್ರಗಳ ದೊಡ್ಡ ಗ್ರಂಥವು 1866ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಇತಿಹಾಸ ಭಾಗವನ್ನು ಮೆಡೋಸ್ ಟೇಲರನೂ ವಾಸ್ತುವಿನ ಟಿಪ್ಪಣಿಗಳನ್ನು ಫರ್ಗುಸನ್ನನೂ ಬರೆದರು. ಹತ್ತು ವರ್ಷಗಳ ಬಳಿಕ ಫರ್ಗುಸನ್ನನು ಮರದಚ್ಚಿನ ಚಿತ್ರಗಳಿಂದ ಕೂಡಿದ ತನ್ನ ಇತಿಹಾಸಗ್ರಂಥದಲ್ಲಿ ಹಳೇಬೀಡನ್ನು ಏಥೆನ್ಸಿನ ಪಾರ್ಥೆನಾನಿನ ಎದುರಿಗಿಟ್ಟು ತೂಗಿದನು. 1874ರಲ್ಲಿ ಜೇಮ್ಸ್ ಬರ್ಜೆಸ್ಸನು ಬೆಳಗಾವಿ ಕಲಾದಗಿ ಜಿಲ್ಲೆಗಳಲ್ಲಿಯೇ ಸರ್ವೇಕ್ಷಣೆ ಆರಂಭಿಸಿದನು. ಅವನ ವರದಿಯ ಚಿತ್ರಗಳಿಂದ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳು ವಿದ್ವಾಂಸರ ಬಾಯಲ್ಲಿ ನಿಂತುವು.

ಕೃಷ್ಣಾತೀರದ ನಮ್ಮ ಕಡೆಯ ಸಂಗತಿಯೇನು? ಕಾಗವಾಡ ತಾಲ್ಲೂಕಿನ ಜುಗೂಳದ ಆಚೆ ದಡದಲ್ಲಿ ಖಿದ್ರಾಪುರದ ಕೊಪ್ಪೇಶ್ವರ ದೇಗುಲವಿದೆ. ಅದರ ನಂದಿ ಚಿಕ್ಕೋಡಿ ತಾಲ್ಲೂಕಿನ ಯಡೂರಿನಲ್ಲಿದೆಯೆಂದು ಜನ ಹೇಳುತ್ತಾರೆ. ಇಂದು ಹೋದವರೆಲ್ಲ ಫೋನು ಎತ್ತಿ ಸ್ವರ್ಗಮಂಟಪದ ದುಂಡನೆಯ ಬಯಲುಮಾಡನ್ನೇ ಹಿಡಿಯುತ್ತಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಹೊರಗೋಡೆಯ ಬುಡದಲ್ಲಿ ದೇಗುಲವನ್ನೇ ಹೊತ್ತ ಆನೆಗಳ ಸಾಲಿದೆಯಲ್ಲ, ಅದನ್ನು ನೋಡಲು ಸುತ್ತಬೇಕು. ನಮ್ಮ ಶಿಲ್ಪಿಗಳು ಕೆತ್ತಿದ್ದು ಪ್ರದಕ್ಷಿಣೆ ಹಾಕುವವನಿಗಾಗಿ. ಚಿತ್ರವೋ ನಮ್ಮನ್ನು ಒಂದೇ ಕಡೆ ನಿಲ್ಲಿಸಿಬಿಡುತ್ತದೆ.

ಯಾವ ಪುಸ್ತಕಕ್ಕೂ ಸೇರದ ವೀರಗಲ್ಲುಗಳ ಪಾಡು ಇನ್ನೂ ಕಷ್ಟದ್ದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಊರ ಅಗಸೆಯ ಬಳಿ ಅರ್ಧ ಹೂತ ಕಲ್ಲಿನಲ್ಲಿ ಕೈಲಾಸ ಮಾತ್ರ ಕಾಣುತ್ತದೆ. ಆತ ಯಾರೊಡನೆ, ಯಾವುದಕ್ಕಾಗಿ ಹೋರಾಡಿದನೆಂಬುದು ಮಣ್ಣಿನೊಳಗಿದೆ.